ಇಂಟರ್ನೆಟ್ ಬಳಕೆಗೆ ಅಗ್ಗದ ಕಂಪ್ಯೂಟರ್: ದುಡ್ಡು ಯಾವುದಕ್ಕೆ ಹಾಕಬೇಕು?

ಬ್ರೌಸರ್, ಇ-ಮೇಲ್, ವಿಡಿಯೊ, ಬಿಲ್ ಪಾವತಿ ಇಷ್ಟೇ ಕೆಲಸವಾದರೆ ಪ್ರೊಸೆಸರ್ ಹೆಸರಿಗೆ ಮರುಳಾಗಬೇಡಿ. ಕಂಪ್ಯೂಟರ್ ತೆವಳುವುದು ಹೆಚ್ಚಾಗಿ ಹಳೇ ಹಾರ್ಡ್ ಡಿಸ್ಕ್‌ನಿಂದ, ಇಲ್ಲವೇ ರ‍್ಯಾಮ್ (ತೆರೆದ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ಸಾಲದೆ.

ಹಾಗಾಗಿ ಮೊದಲು ಹಾರ್ಡ್ ಡಿಸ್ಕ್ ಬದಲು ಬರುವ, ಅದಕ್ಕಿಂತ ಬಹಳ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಇದೆಯೇ ಕೇಳಿ. 256 ಜಿಬಿ ಸಾಕು. '64 ಜಿಬಿ ಇಎಂಎಂಸಿ' (ಅಗ್ಗದ, ನಿಧಾನದ ಸಂಗ್ರಹ ಚಿಪ್) ಎಂದಿರುವ ಲ್ಯಾಪ್‌ಟಾಪ್ ಎಷ್ಟು ಅಗ್ಗವಾದರೂ ಬೇಡ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಜಾಗ ನುಂಗುತ್ತವೆ, ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಬದಲಿಸಲೂ ಆಗದು. ರ‍್ಯಾಮ್ 8 ಜಿಬಿ ಇರಲಿ. 4 ಜಿಬಿಯಲ್ಲಿ ಹತ್ತು ಟ್ಯಾಬ್ ತೆರೆದರೆ ಡಿಸ್ಕ್‌ನ ಜಾಗವನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ, ಟ್ಯಾಬ್ ಬದಲಿಸಿದಾಗಲೆಲ್ಲ ತಡವರಿಸುತ್ತದೆ.

'ಐ7 ಇದೆ ಸಾರ್' ಎಂದು ಇಂಟೆಲ್ ಕಂಪನಿಯ ಪ್ರೊಸೆಸರ್ ಹೆಸರು ಹೇಳುವ ಮಾತಿನಲ್ಲೇ ಮೋಸ ಇರುವುದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್ (ತಲೆಮಾರು) ಅಥವಾ ಅದಕ್ಕಿಂತ ಹೊಸದು ಬೇಕು. ಐ7-4770 ಎಂದರೆ 4ನೇ ಜನರೇಷನ್, ಐ5-8500 ಎಂದರೆ 8ನೇದು. ನಿಮಗೆ ಎರಡನೆಯದೇ ಲೇಸು.

ಕಡಿಮೆ ದುಡ್ಡಿಗೆ ಒಳ್ಳೆಯ ಮಾಲು ಸಿಗುವುದು ಕಚೇರಿಗಳಲ್ಲಿ ಬಳಸಿಬಿಟ್ಟ, ರೀಫರ್ಬಿಷ್ ಆದ (ಪರೀಕ್ಷಿಸಿ, ದುರಸ್ತಿ ಮಾಡಿ ಮತ್ತೆ ಮಾರಾಟಕ್ಕಿಟ್ಟ) ಮಿನಿ ಡೆಸ್ಕ್‌ಟಾಪ್‌ಗಳಲ್ಲಿ. ಕೊಳ್ಳುವ ಮುನ್ನ ಅಲ್ಲೇ ಆನ್ ಮಾಡಿಸಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಎಸ್‌ಎಸ್‌ಡಿಯೇ, ರ‍್ಯಾಮ್ ಎಷ್ಟು, ಇನ್ನೂ ರ‍್ಯಾಮ್ ಸೇರಿಸಲು ಸ್ಲಾಟ್ ಖಾಲಿ ಇದೆಯೇ ಎಂಬುದೆಲ್ಲ ಕಾಣುತ್ತದೆ. ರೀಸೆಟ್ ಮಾಡಿದ ಮೇಲೆ ಯಾವುದೋ ಕಂಪನಿಯ ಲಾಗಿನ್ ಕೇಳಿದರೆ, ಅಥವಾ ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ, ಅಲ್ಲೇ ಬಿಟ್ಟು ಬನ್ನಿ.

ಇಂಥ ಮಿನಿ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ವೈ-ಫೈ ಇರುವುದಿಲ್ಲ, ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಬಗೆಯ ಮಾನಿಟರ್ ಪೋರ್ಟ್ ಮಾತ್ರ ಇರುತ್ತದೆ. 5 ಗಿಗಾಹರ್ಟ್ಸ್ (ವೇಗದ ವೈ-ಫೈ ತರಂಗ) ಹಿಡಿಯುವ ಯುಎಸ್‌ಬಿ ವೈ-ಫೈ ಅಡಾಪ್ಟರ್, ಸರಿಯಾದ ಕೇಬಲ್, ಸ್ಪೀಕರ್, ವೆಬ್‌ಕ್ಯಾಮ್ ಎಲ್ಲ ಸೇರಿಸಿಯೇ ಲೆಕ್ಕ ಹಾಕಿ. ಮಾನಿಟರ್ 1920×1080 ಐಪಿಎಸ್ ಬಗೆಯ ಪರದೆಯದ್ದಾಗಿರಲಿ. ಬದಿಯಿಂದ ನೋಡಿದರೂ ಬಣ್ಣ ಕೆಡದು.

ಮನೆಯಲ್ಲೇ ಹಳೇ ಕಂಪ್ಯೂಟರ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ನೋಡಿ. ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವ್‌ನಿಂದ ಚಲಾಯಿಸಿ ವೈ-ಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಬಹುದು.