ಸರ್ವರ್ ಕ್ಲೌಡಿಗೆ ಹೊರಡುವ ಮುನ್ನ

ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆ, ಬಂದರಿನ ಸಗಟು ಮಳಿಗೆ, ಮಣಿಪಾಲದ ಪುಟ್ಟ ಕಂಪನಿ, ಎಲ್ಲಿಗೆ ಹೋದರೂ ಸರ್ವರ್ ಇರುವುದು ಲೆಕ್ಕಪತ್ರ ವಿಭಾಗದ ಹಿಂದಿನ ಇಕ್ಕಟ್ಟಿನ ಕೋಣೆಯಲ್ಲಿ. ಉಪ್ಪುಗಾಳಿಗೆ ರ‍್ಯಾಕಿನ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಜೂನ್ ಬಂತೆಂದರೆ ಯುಪಿಎಸ್ ಕೂಗುವುದು ನಿಲ್ಲುವುದಿಲ್ಲ. ಆ ಒಂದು ಪೆಟ್ಟಿಗೆಯೊಳಗೆ ವಿಎಂವೇರ್ ಅಥವಾ ಹೈಪರ್-ವಿ ತಂತ್ರಾಂಶ ಹಾಕಿ, ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವ ನಾಲ್ಕೈದು ವರ್ಚುವಲ್ ಮಷೀನ್‌ಗಳನ್ನು (ವಿಎಂ) ಓಡಿಸುತ್ತಿರುತ್ತಾರೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡು, ಒಮ್ಮೆ ಹಣ ಕಟ್ಟಿದರೆ ಕಾಯಂ ಆಗಿ ಸಿಗುತ್ತಿದ್ದ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿದ ಮೇಲೆ ‘ಇದನ್ನೆಲ್ಲ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೊಡ್ಡ ಕಂಪನಿಗಳ ಸರ್ವರ್‌ಗಳಿಗೆ, ಹಾಕಿಬಿಡೋಣವೇ’ ಎಂಬ ಮಾತು ಇಂಥ ಕಚೇರಿಗಳಲ್ಲೂ ಕೇಳಿಬರುತ್ತಿದೆ.

ಹಾಕಬಹುದು. ಆದರೆ ಮಾರಾಟ ಪ್ರತಿನಿಧಿ ಪರದೆಯ ಮೇಲೆ ತೋರಿಸುವ ನಾಲ್ಕು ಕ್ಲಿಕ್‌ಗಳು ಕೊನೆಯ ರಾತ್ರಿಯ ಕೆಲಸ. ಅದಕ್ಕೆ ಮೊದಲಿನ ಎರಡು ಮೂರು ತಿಂಗಳ ತಯಾರಿಯಲ್ಲೇ ಸೋಲು ಗೆಲುವು ನಿರ್ಧಾರವಾಗುತ್ತದೆ.

ಏನೇನಿದೆ ಎಂದು ಬರೆದಿಡಿ

ಪ್ರತಿಯೊಂದು ವಿಎಂನ ಹೆಸರು, ಆಪರೇಟಿಂಗ್ ಸಿಸ್ಟಂ, ಸಿಪಿಯು, ರ‍್ಯಾಮ್, ಡಿಸ್ಕ್ ಗಾತ್ರ, ಅದನ್ನು ಬಳಸುವವರು, ಕೆಟ್ಟರೆ ಫೋನ್ ಮಾಡಬೇಕಾದವರು ಇಷ್ಟನ್ನೂ ಒಂದು ಹಾಳೆಗೆ ಇಳಿಸಿ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನವರ ‘ಅಜೂರ್ ಮೈಗ್ರೇಟ್‌’ನಂಥ ಸಾಧನಗಳು ಇದರಲ್ಲಿ ಬಹುಪಾಲನ್ನು ತಾವೇ ಓದಿಕೊಡುತ್ತವೆ. ಕೊನೆಯ ಎರಡು ಅಂಕಣಗಳನ್ನು ಮಾತ್ರ ಮನುಷ್ಯರೇ ತುಂಬಬೇಕು. ‘ಹಳೆಯದು, ಅಳಿಸಬೇಡಿ’ ಎಂಬ ಹೆಸರಿನ ವಿಎಂ ಒಂದಾದರೂ ಸಿಕ್ಕೇ ಸಿಗುತ್ತದೆ. ಎರಡು ವಾರ ಅದನ್ನು ಆಫ್ ಮಾಡಿಡಿ. ಯಾರೂ ಕೇಳಿಕೊಂಡು ಬರದಿದ್ದರೆ ಅದು ಕ್ಲೌಡಿಗೆ ಹೋಗಬೇಕಾಗಿಲ್ಲ. ಆದರೆ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಬಿಡಿ, ವರ್ಷಕ್ಕೊಮ್ಮೆ ಆಡಿಟ್ ಹೊತ್ತಿಗಷ್ಟೇ ತೆರೆಯುವ ಹಳೆಯ ಲೆಕ್ಕ ಅದರೊಳಗಿರಬಹುದು.

ಆವೃತ್ತಿಯನ್ನೂ ನೋಡಿ. ವಿಂಡೋಸ್ ಸರ್ವರ್ 2012ರ ವಿಸ್ತೃತ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ, 2016ರ ಆವೃತ್ತಿಯ ಗಡುವು 2027ರ ಜನವರಿ 12. ಲಿನಕ್ಸ್ ಬಗೆಯ ಸೆಂಟ್‌ಒಎಸ್ 7ರ ಕಥೆ 2024ರ ಜೂನ್ 30ಕ್ಕೇ ಮುಗಿಯಿತು. ಹಳತನ್ನು ಹಾಗೆಯೇ ಹೊತ್ತೊಯ್ದರೆ ಹಳೆಯ ಕಾಯಿಲೆಗೆ ಹೊಸ ಬಾಡಿಗೆ ಕಟ್ಟಿದಂತಾಗುತ್ತದೆ.

ಯಾವುದು ಯಾವುದನ್ನು ನೆಚ್ಚಿಕೊಂಡಿದೆ?

ಇಲ್ಲಿ ಅವಸರ ಬೇಡ. ಒಂದು ಗೇರುಬೀಜ ಕಾರ್ಖಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೇಟಿನ ಬಳಿ ವೇಬ್ರಿಡ್ಜ್. ನವಮಂಗಳೂರು ಬಂದರಿನಿಂದ ಕಚ್ಚಾ ಬೀಜದ ಲಾರಿ ಬಂದು ಅದರ ಮೇಲೆ ನಿಂತೊಡನೆ ಕ್ಯಾಬಿನ್ನಿನ ಹಳೆಯ ಕಂಪ್ಯೂಟರ್ ತೂಕವನ್ನು ಓದುತ್ತದೆ, ಸರ್ವರ್‌ನಲ್ಲಿರುವ ಖರೀದಿ ತಂತ್ರಾಂಶಕ್ಕೆ ಕಳಿಸುತ್ತದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಮೂರು ಪ್ರತಿಯ ಚೀಟಿ ಹೊರಬರುತ್ತದೆ. ಆ ಕಂಪ್ಯೂಟರಿನ ಯಾವುದೋ ಕಡತದಲ್ಲಿ 192.168.1.10 ಎಂಬ ವಿಳಾಸವನ್ನು ಯಾರೋ ತಂತ್ರಜ್ಞರು ಎಂದೋ ಬರೆದು ಹೋಗಿದ್ದಾರೆ. ಅದು ಯಾವ ದಾಖಲೆಯಲ್ಲೂ ಇಲ್ಲ. ಸರ್ವರ್ ಕ್ಲೌಡಿಗೆ ಹೋಗಿ ವಿಳಾಸ ಬದಲಾದ ಬೆಳಿಗ್ಗೆ ಚೀಟಿ ಬರುವುದಿಲ್ಲ, ಲಾರಿಗಳು ಹೆದ್ದಾರಿಯವರೆಗೆ ಸಾಲುಗಟ್ಟುತ್ತವೆ.

ಇಂಥ ಗುಪ್ತ ನಂಟುಗಳನ್ನು ಹಿಡಿಯಲು ಯಾವ ಯಂತ್ರ ಯಾವುದರೊಡನೆ ಮಾತಾಡುತ್ತಿದೆ ಎಂದು ತೋರಿಸುವ ನೆಟ್‌ಸ್ಟ್ಯಾಟ್ ಆದೇಶದ ಫಲಿತಾಂಶ ಮತ್ತು ಫೈರ್‌ವಾಲ್ ದಾಖಲೆಗಳನ್ನು ತಿಂಗಳ ಮಟ್ಟಿಗೆ ಸಂಗ್ರಹಿಸಿ. ಜೊತೆಗೆ ಇಡೀ ಆವರಣದಲ್ಲಿ ಒಂದು ಸುತ್ತು ನಡೆಯಿರಿ: ಹಾಜರಾತಿ ಯಂತ್ರ, ಸಿಸಿಟಿವಿ ಪೆಟ್ಟಿಗೆ, ಸ್ಕ್ಯಾನ್ ಮಾಡಿ ಫೋಲ್ಡರಿಗೆ ಹಾಕುವ ಜೆರಾಕ್ಸ್ ಯಂತ್ರ ಎಲ್ಲವೂ ಸರ್ವರನ್ನೇ ನಂಬಿಕೊಂಡಿರುತ್ತವೆ. ಸರ್ವರ್‌ನ ಬೆನ್ನಿಗೂ ಟಾರ್ಚ್ ಬಿಡಿ. ಯುಎಸ್‌ಬಿ ಡಾಂಗಲ್ ಚುಚ್ಚಿದ್ದರೆ ಅದು ಯಾವುದೋ ತಂತ್ರಾಂಶದ ಲೈಸೆನ್ಸ್ ಕೀಲಿ, ಮತ್ತು ಕ್ಲೌಡಿನಲ್ಲಿ ಅದನ್ನು ಚುಚ್ಚಲು ಜಾಗವಿಲ್ಲ. ಆನ್‌ಲೈನ್ ಲೈಸೆನ್ಸ್ ಕೊಡಲು ತಂತ್ರಾಂಶದವರು ಒಪ್ಪುತ್ತಾರೆಯೇ ಎಂದು ಈಗಲೇ ಬರಹದಲ್ಲಿ ಕೇಳಿ.

ಎಲ್ಲವೂ ಹೋಗಬೇಕೆಂದಿಲ್ಲ

ಕ್ಲೌಡಿಗೆ ಹೋದ ಮೇಲೆ ಇಂಟರ್ನೆಟ್ಟೇ ಜೀವನಾಡಿ. ಅಂಗಡಿಯ ಬಿಲ್ಲಿಂಗ್ ಕೌಂಟರ್ ಮತ್ತು ವೇಬ್ರಿಡ್ಜನ್ನು ಇಲ್ಲೇ ಬಿಟ್ಟು, ಲೆಕ್ಕಪತ್ರ, ಫೈಲ್ ಸರ್ವರ್, ವೆಬ್ ತಂತ್ರಾಂಶಗಳನ್ನಷ್ಟೇ ಕಳಿಸುವುದು ಮೇಲು ಎಂದು ನನಗನಿಸುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರನ್ನು ನಕಲು ಮಾಡಿ ಒಯ್ಯಬೇಡಿ. ಕ್ಲೌಡಿನಲ್ಲಿ ಹೊಸದೊಂದನ್ನು ಕಟ್ಟಿ, ಬಳಕೆದಾರರ ಮಾಹಿತಿ ತಾನಾಗಿ ಅಲ್ಲಿಗೆ ಹರಿಯಲು ಬಿಡಿ. ಇಮೇಲ್ ಸರ್ವರ್ ಇನ್ನೂ ಸ್ವಂತದ್ದೇ ಆಗಿದ್ದರೆ ಸ್ಥಳಾಂತರಿಸುವ ಬದಲು ತಿಂಗಳ ಬಾಡಿಗೆಯ ಸೇವೆಗೆ ಬದಲಾಯಿಸುವುದೇ ಅಗ್ಗ.

ಅಳೆದು ನೋಡಿ, ಆಮೇಲೆ ಗಾತ್ರ ಆರಿಸಿ

ಸರ್ವರ್ ಕೊಂಡಾಗ ‘ಇರಲಿ’ ಎಂದು 32 ಜಿಬಿ ಕೊಟ್ಟ ವಿಎಂ ನಿಜಕ್ಕೂ ಬಳಸುತ್ತಿರುವುದು ಆರೇಳು ಜಿಬಿ ಇರಬಹುದು. ಕ್ಲೌಡಿನಲ್ಲಿ ಅದೇ ಗಾತ್ರವನ್ನು ಆರಿಸಿದರೆ ಪ್ರತಿ ಗಂಟೆಗೂ ದಂಡ. ಬಳಕೆಯನ್ನು ಕನಿಷ್ಠ ಒಂದು ತಿಂಗಳು ಅಳೆಯಿರಿ, ಆ ತಿಂಗಳಲ್ಲಿ ಜಿಎಸ್‌ಟಿ ಸಲ್ಲಿಕೆಯ 11 ಮತ್ತು 20ನೇ ತಾರೀಖು ಸೇರಿರಲಿ.

ಬಿಲ್ಲಿನ ಒಂದು ಸೂಕ್ಷ್ಮವನ್ನು ಎಲ್ಲರೂ ತಿಳಿದಿರಬೇಕು. ಅಜೂರ್‌ನಲ್ಲಿ ವಿಂಡೋಸ್‌ನೊಳಗಿನಿಂದ ಶಟ್‌ಡೌನ್ ಕೊಟ್ಟರೆ ಯಂತ್ರ ನಿಲ್ಲುತ್ತದೆ, ಮೀಟರ್ ನಿಲ್ಲುವುದಿಲ್ಲ; ಅಜೂರ್‌ನ ನಿರ್ವಹಣಾ ಜಾಲತಾಣವಾದ ಪೋರ್ಟಲ್‌ನಿಂದ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ನಡೆಯುತ್ತಲೇ ಇರುತ್ತದೆ. ಒಂದು ವರ್ಷ, ಮೂರು ವರ್ಷದ ಮುಂಗಡ ಒಪ್ಪಂದಕ್ಕೆ ದೊಡ್ಡ ರಿಯಾಯಿತಿ ಇದೆ ನಿಜ, ಆದರೆ ಮೂರು ತಿಂಗಳ ಬಿಲ್ ಕೈಗೆ ಬರುವವರೆಗೆ ಅದಕ್ಕೆ ಸಹಿ ಹಾಕಬೇಡಿ.

ದಾರಿ ಸರಿ ಇದೆಯೇ?

ಒಂದು ಟೆರಾಬೈಟ್ ದತ್ತಾಂಶ 100 ಎಂಬಿಪಿಎಸ್ ಸಂಪರ್ಕದಲ್ಲಿ ಹೋಗಲು, ಸಂಪರ್ಕ ಒಂದು ಕ್ಷಣವೂ ಬಿಡುವಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೂ, 22 ಗಂಟೆಗೆ ಮೇಲೆ ಬೇಕು. ಹಗಲು ಕಚೇರಿಯವರೂ ಅದನ್ನೇ ಬಳಸುವುದರಿಂದ ಎರಡು ಮೂರು ದಿನ ಎಂದೇ ಲೆಕ್ಕ ಹಾಕಿ. ಸೇವೆಯವರು ಜಾಹೀರಾತಿನಲ್ಲಿ ಹೇಳುವುದು ಡೌನ್‌ಲೋಡ್ ವೇಗ, ನಿಮಗೆ ಬೇಕಿರುವುದು ಅಪ್‌ಲೋಡ್. ಮೊದಲ ಪ್ರತಿ ಹೋದ ಮೇಲೆ ಬದಲಾವಣೆಗಳಷ್ಟೇ ಹೋಗುತ್ತಿರುತ್ತವೆ, ಹಾಗಾಗಿ ಕೊನೆಯ ರಾತ್ರಿ ಹೊರೆ ಕಡಿಮೆ.

ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ಇರಲಿ, ಮತ್ತು ಅವೆರಡೂ ಒಂದೇ ದಾರಿಯಲ್ಲಿ ಬಾರದಿರಲಿ. ರಸ್ತೆ ಅಗೆಯುವ ಜೆಸಿಬಿಗೆ ಕಂಪನಿಗಳ ಭೇದ ತಿಳಿಯುವುದಿಲ್ಲ.

ಕ್ಲೌಡಿನ ಒಳಜಾಲಕ್ಕೆ 192.168.1ರ ಸರಣಿಯನ್ನು ಕೊಡಬೇಡಿ. ಕಚೇರಿಯದ್ದೂ ಅದೇ, ಸಿಬ್ಬಂದಿಯ ಮನೆಯ ರೌಟರಿನದ್ದೂ ಬಹುಪಾಲು ಅದೇ. ಅವನ್ನೂ ಕ್ಲೌಡನ್ನೂ ಬೆಸೆಯುವ ಸುರಕ್ಷಿತ ಸಂಪರ್ಕ (ವಿಪಿಎನ್) ಹಾಕಿದೊಡನೆ ಎರಡು ಜಾಲಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 10.20ರಂಥ ಬೇರೆ ಸರಣಿ ಆರಿಸಿ. ಅಜೂರ್ ಮತ್ತು ಅಮೆಜಾನ್ ಎರಡೂ ಪ್ರತಿ ಸಬ್‌ನೆಟ್‌ನಲ್ಲಿ (ಒಳಜಾಲದ ಒಂದೊಂದು ತುಂಡಿನಲ್ಲಿ) ಐದು ವಿಳಾಸಗಳನ್ನು ತಮಗೇ ಇಟ್ಟುಕೊಳ್ಳುತ್ತವೆ, ಅಳತೆ ಬಿಗಿ ಮಾಡಬೇಡಿ.

ಯಾವ ಊರಿನ ಕೇಂದ್ರ? ಅಮೆಜಾನಿಗೆ ಮುಂಬಯಿಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಕೇಂದ್ರಗಳಿವೆ. ಅಜೂರ್‌ಗೆ ಪುಣೆ, ಚೆನ್ನೈ, ಮುಂಬಯಿ. ಗೂಗಲ್‌ಗೆ ಮುಂಬಯಿ, ದೆಹಲಿ. ಭೂಪಟದಲ್ಲಿ ಹತ್ತಿರ ಕಂಡದ್ದು ಜಾಲದಲ್ಲೂ ಹತ್ತಿರ ಎಂದುಕೊಳ್ಳಬೇಡಿ, ನಿಮ್ಮ ಕಚೇರಿಯಿಂದಲೇ ವಿಳಂಬವನ್ನು ಅಳೆದು ನೋಡಿ. ಕಂಪನಿ ಕಾಯ್ದೆಯಡಿ ನೋಂದಾಯಿತರಾದವರು ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ ಸರ್ವರ್ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಿಕೊಳ್ಳಬೇಕು. ಇವೆರಡನ್ನೂ ಕೇಂದ್ರ ಆರಿಸುವಾಗಲೇ ನೆನಪಿಡಿ.

ವಿಎಂನ ಒಳಗಿನ ಕೆಲಸ

ಹೊರಡುವ ಮುನ್ನ ವಿಂಡೋಸ್ ಯಂತ್ರದಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದಿರಲಿ, ಸ್ಥಿರ ಐಪಿ ವಿಳಾಸದ ಬದಲು ಜಾಲವೇ ವಿಳಾಸ ಕೊಡುವ ಡಿಎಚ್‌ಸಿಪಿ ಇರಲಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತೆಗೆದಿರಲಿ. ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಯಾರಿಗಾದರೂ ಗೊತ್ತಿರಲಿ. ಕ್ಲೌಡಿನಲ್ಲಿ ಮಾನಿಟರ್, ಕೀಬೋರ್ಡ್ ಸಿಕ್ಕಿಸಿ ಒಳಹೊಕ್ಕುವ ದಾರಿ ಇಲ್ಲ. ಲಿನಕ್ಸ್‌ನಲ್ಲಿ ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತ ಅವನ್ನು ಸಾಧನದ ಹೆಸರಿನಿಂದ ಕರೆಯುತ್ತಿದ್ದರೆ ಯುಯುಐಡಿಗೆ (ಬದಲಾಗದ ಗುರುತು ಸಂಖ್ಯೆಗೆ) ಬದಲಾಯಿಸಿ, ಇಲ್ಲದಿದ್ದರೆ ಯಂತ್ರ ಬೂಟ್ ಆಗುವಾಗಲೇ ಮುಗ್ಗರಿಸಬಹುದು. ಅಜೂರ್‌ನ ಹಲವು ಗಾತ್ರದ ಯಂತ್ರಗಳಲ್ಲಿ ತಾತ್ಕಾಲಿಕ ಡಿಸ್ಕ್ ಒಂದು ಸಾಮಾನ್ಯವಾಗಿ ಡಿ ಡ್ರೈವ್ ಆಗಿ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಇಟ್ಟದ್ದು ಉಳಿಯುತ್ತದೆಂಬ ಭರವಸೆ ಇಲ್ಲ. ಲೆಕ್ಕದ ಕಡತಗಳನ್ನು ಡಿ ಡ್ರೈವಿನಲ್ಲೇ ಇಡುವ ರೂಢಿ ನಮ್ಮ ಕಚೇರಿಗಳಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತಾಲೀಮು, ಆಮೇಲೆ ಮುಹೂರ್ತ

ನಿಜವಾದ ದಿನಕ್ಕೆ ಮೊದಲು ಪರೀಕ್ಷಾ ಸ್ಥಳಾಂತರ ಮಾಡಿ, ಹೊರಗಿನ ಸಂಪರ್ಕವೇ ಇಲ್ಲದ ಪ್ರತ್ಯೇಕ ಜಾಲದಲ್ಲಿ. ಬಾಗಿಲು ತೆರೆದಿಟ್ಟರೆ ನಕಲು ಸರ್ವರ್ ತಾನೇ ಅಸಲಿ ಎಂದು ಭಾವಿಸಿ ಗ್ರಾಹಕರಿಗೆಲ್ಲ ಎರಡೆರಡು ಎಸ್‌ಎಂಎಸ್ ಕಳಿಸುತ್ತದೆ. ತಂತ್ರಜ್ಞರು ‘ಆನ್ ಆಯಿತು’ ಎಂದರೆ ಸಾಲದು. ಲೆಕ್ಕಪತ್ರದವರನ್ನೇ ಕೂರಿಸಿ ಒಂದು ಬಿಲ್ ಹಾಕಿಸಿ, ಒಂದು ವರದಿ ತೆಗೆಸಿ.

ಆಟಿಯಲ್ಲಿ (ಮಳೆಗಾಲದ ತುಳು ತಿಂಗಳಲ್ಲಿ) ವ್ಯಾಪಾರ ತಣ್ಣಗಿರುತ್ತದೆ, ಆಗಲೇ ಮುಗಿಸೋಣ ಎಂದು ಮಾಲೀಕರಿಗೆ ಅನಿಸುವುದು ಸಹಜ. ಪಟ್ಟಿ ಮಾಡಲು, ಅಳೆಯಲು ಆಟಿ ಒಳ್ಳೆಯದೇ. ಸ್ಥಳಾಂತರಕ್ಕೆ ಬೇಡ: ಮರ ಬಿದ್ದು ಕೇಬಲ್ ಕಡಿಯುವ ಕಾಲ ಅದು. ದೀಪಾವಳಿಯ ಲೆಕ್ಕ ಮುಗಿದ ಮೇಲಿನ ಯಾವುದಾದರೂ ಶನಿವಾರ ರಾತ್ರಿ ಗೊತ್ತುಮಾಡಿ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಟಿಟಿಎಲ್ಲನ್ನು, ಅಂದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, ಎರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿ. ಬ್ಯಾಕಪ್ ತೆಗೆದು, ಅದನ್ನು ಒಮ್ಮೆ ಮರಳಿ ತೆರೆದೂ ನೋಡಿ.

ಹಿಂದಕ್ಕೆ ಮರಳುವ ತೀರ್ಮಾನ ಯಾರದ್ದು, ಎಷ್ಟು ಗಂಟೆಯೊಳಗೆ ಎಂಬುದನ್ನು ಮೊದಲೇ ಬರೆದಿಡಿ. ಭಾನುವಾರ ಸಂಜೆ ಆರು ಎಂದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಹೊಸ ಯಂತ್ರದಲ್ಲಿ ಹತ್ತು ಬಿಲ್ ಬಿದ್ದ ಮೇಲೆ ಹಳತಕ್ಕೆ ಮರಳಿದರೆ ಆ ಹತ್ತೂ ಕೈಬಿಡುತ್ತವೆ.

ಹಳೆಯ ಸರ್ವರನ್ನು ಒಂದು ತಿಂಗಳಾದರೂ ಆಫ್ ಮಾಡಿ, ಜಾಲದಿಂದ ಬಿಡಿಸಿ ಇಟ್ಟುಕೊಳ್ಳಿ. ತಿಂಗಳ ಕೊನೆಯ ಲೆಕ್ಕ ಕ್ಲೌಡಿನಲ್ಲೇ ಸರಿಯಾಗಿ ಮುಗಿದ ಮೇಲೆ ಡಿಸ್ಕುಗಳನ್ನು ಪೂರ್ತಿ ಅಳಿಸಿ, ಆಮೇಲೆ ಗುಜರಿಗೆ ಕೊಡಿ.