ಹೊಸ ಬಡಾವಣೆಗೆ ಒಳಚರಂಡಿ: ಲೆಕ್ಕ, ಇಳಿಜಾರು, ನಿರ್ವಹಣೆ

ಮಳೆ ನೀರಿಗೆ ಒಂದು ದಾರಿ, ಕೊಳಚೆ ನೀರಿಗೆ ಇನ್ನೊಂದು. ಒಳಚರಂಡಿ ಕೆಲಸದಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಇದು. ಇಲ್ಲಿ ತಪ್ಪಿದರೆ ಪೈಪ್ ಎಷ್ಟೇ ಒಳ್ಳೆಯದಿರಲಿ, ಮೇಸ್ತ್ರಿ ಎಷ್ಟೇ ನುರಿತವನಿರಲಿ, ಜೋರು ಮಳೆ ಬಂದ ಸಂಜೆ ಮ್ಯಾನ್‌ಹೋಲ್ ಉಕ್ಕುತ್ತದೆ.

ಬೆಂಗಳೂರಿನ ಹೊರವಲಯದ ಒಂದು ಕ್ರಾಸ್ ರಸ್ತೆಯನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. 30×40 ಸೈಟಿನ ಮನೆಯಲ್ಲಿ ಐದು ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡ 80 ಭಾಗ ಚರಂಡಿಗೆ ಬರುತ್ತದೆ ಎಂದು ಹಿಡಿಯುವುದು ವಾಡಿಕೆ. ಅಂದರೆ ಮನೆಯೊಂದಕ್ಕೆ ದಿನಕ್ಕೆ 540 ಲೀಟರ್. ಬೆಳಗಿನ ದಟ್ಟ ಹೊತ್ತಿಗೆ ಸರಾಸರಿಯ ಮೂರು ಪಟ್ಟು ಹರಿದರೂ ಸೆಕೆಂಡಿಗೆ 0.019 ಲೀಟರ್ ಅಷ್ಟೇ. ಅದೇ ಮನೆಯ ತಾರಸಿ 100 ಚದರ ಮೀಟರ್ ಇದೆ, ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಹೊಡೆಯುತ್ತಿದೆ ಎನ್ನಿ. ತಾರಸಿಯಿಂದ ಇಳಿಯುವ ನೀರು ಸೆಕೆಂಡಿಗೆ 1.67 ಲೀಟರ್, ಸುಮಾರು 90 ಮನೆಗಳ ಕೊಳಚೆಗೆ ಸಮ. 145 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ ಹಾಕಿದ 200 ಮಿ.ಮೀ. ಪೈಪ್ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 27 ಲೀಟರ್ ಸಾಗಿಸುತ್ತದೆ. ಈ ಲೆಕ್ಕದಲ್ಲಿ 1,400 ಮನೆಗಳ ಕೊಳಚೆಗೆ ಸಾಕಾಗುವ ಪೈಪು ಹದಿನಾರು ತಾರಸಿಗಳ ಮಳೆ ನೀರಿಗೇ ತುಂಬಿಹೋಗುತ್ತದೆ. ತಾರಸಿಯ ಪೈಪನ್ನು ಚೇಂಬರಿಗೆ (ಮನೆಯ ಕೊಳಚೆ ಲೈನಿನ ತೊಟ್ಟಿಗೆ) ಬಿಡುವುದು ಸುಲಭವೆಂದು ಬಿಟ್ಟವರ ಮನೆಯ ನೀರು ತಗ್ಗಿನಲ್ಲಿರುವವರ ಬಚ್ಚಲಿನಲ್ಲಿ ಮೇಲೇಳುವುದು ಹೀಗೆ. 1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ ಬೆಂಗಳೂರಿನಲ್ಲಿ ಮಳೆ ನೀರು ಕೊಯ್ಲು ಹೇಗೂ ಕಡ್ಡಾಯ. ತಾರಸಿಯ ನೀರು ಸಂಪಿಗೆ ಅಥವಾ ಇಂಗುಗುಂಡಿಗೆ ಹೋಗಲಿ, ಮಿಕ್ಕದ್ದು ರಸ್ತೆ ಬದಿಯ ಮೋರಿಗೆ.

"ಜನ ಜಾಸ್ತಿಯಾದರು, ಪೈಪ್ ಸಾಲುತ್ತಿಲ್ಲ" ಎಂಬ ಮಾತು ಎಲ್ಲ ಬಡಾವಣೆಗಳಲ್ಲೂ ಕೇಳಿಬರುತ್ತದೆ. ಕ್ರಾಸ್ ರಸ್ತೆಯ ಮಟ್ಟಿಗೆ ಅದು ಬಹುತೇಕ ನಿಜವಲ್ಲ. ನಲವತ್ತು ಮನೆಗಳ ಪೈಕಿ ಹತ್ತು ಮನೆಗಳು ಅರವತ್ತು ಜನರ ಪಿಜಿಗಳಾದರೂ ಒಟ್ಟು 750 ಜನ. ದಟ್ಟ ಹೊತ್ತಿನಲ್ಲಿ ಸೆಕೆಂಡಿಗೆ 2.8 ಲೀಟರ್. 200 ಮಿ.ಮೀ. ಪೈಪಿಗೆ ಅದೊಂದು ಹೊರೆಯೇ ಅಲ್ಲ. ಅಲ್ಲಿ ಪೈಪ್ ಕಟ್ಟುವುದು ಮಳೆ ನೀರು, ಹೂಳು, ಜಿಡ್ಡು ಮತ್ತು ತಪ್ಪಿದ ಇಳಿಜಾರಿನಿಂದ. ಜನಸಂಖ್ಯೆಯ ಹೊರೆ ಬೀಳುವುದು ಇಪ್ಪತ್ತು ಮೂವತ್ತು ಕ್ರಾಸ್‌ಗಳು ಬಂದು ಸೇರುವ ಮೇನ್ ಲೈನಿನ ಮೇಲೆ. ಅದನ್ನು ಮುಂದಿನ 30 ವರ್ಷಗಳ ಜನಸಂಖ್ಯೆ ಇಟ್ಟುಕೊಂಡು ವಿನ್ಯಾಸ ಮಾಡಬೇಕು. ದಟ್ಟ ಹರಿವಿನಲ್ಲೂ ಪೈಪಿನ ಎತ್ತರದ ಐದರಲ್ಲಿ ನಾಲ್ಕು ಭಾಗ ಮಾತ್ರ ತುಂಬಬೇಕು, ಮೇಲಿನ ಜಾಗ ಗಾಳಿಗೆ.

ಮಟ್ಟ ತೆಗೆಯುವುದು

ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಿಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ನಿಮ್ಮ ಬಡಾವಣೆ ಯಾವ ಕಣಿವೆಗೆ ಸೇರಿದ್ದು, ಜಲಮಂಡಳಿಯ ಹತ್ತಿರದ ಟ್ರಂಕ್ ಲೈನ್ (ಬಡಾವಣೆಗಳ ಕೊಳಚೆ ಒಯ್ಯುವ ದೊಡ್ಡ ಪೈಪ್) ಎಲ್ಲಿದೆ, ಅದರ ಮ್ಯಾನ್‌ಹೋಲಿನ ತಳಮಟ್ಟ ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು. ಲೆಕ್ಕ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಅಗೆಯುತ್ತ ಬಂದು, ಕೊನೆಗೆ ಟ್ರಂಕ್ ಲೈನ್ ತಮ್ಮ ಪೈಪಿಗಿಂತ ಅರ್ಧ ಮೀಟರ್ ಎತ್ತರದಲ್ಲಿದೆ ಎಂದು ಗೊತ್ತಾದರೆ ಮಾಡಿದ ಅಷ್ಟೂ ಕೆಲಸ ಕೆಟ್ಟಿತು. ಆಮೇಲೆ ಆ ಲೈನನ್ನು ಪಕ್ಕದ ರಾಜಕಾಲುವೆಗೆ (ಮಳೆ ನೀರಿನ ದೊಡ್ಡ ಕಾಲುವೆಗೆ) ತಿರುಗಿಸುತ್ತಾರೆ, ಕೆರೆಗಳಿಗೆ ಕೊಳಚೆ ತಲುಪುತ್ತದೆ.

ಪೈಪಿನೊಳಗೆ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹೋಗಬೇಕು, ಪೂರ್ಣ ಹೊರೆ ಬಂದಾಗ 0.8. ಅದಕ್ಕಿಂತ ನಿಧಾನವಾದರೆ ಮರಳು, ಮಲ ತಳದಲ್ಲಿ ಕೂರುತ್ತವೆ. 3 ಮೀಟರ್ ದಾಟಿದರೆ ಮರಳು ಪೈಪನ್ನೇ ಉಜ್ಜಿ ತಿನ್ನುತ್ತದೆ. ಸ್ವಚ್ಛವಾಗಿ ಹರಿಯಲು ಬೇಕಾದ ಕನಿಷ್ಠ ಇಳಿಜಾರು 100 ಮಿ.ಮೀ. ಪೈಪಿಗೆ 57ಕ್ಕೆ 1 (57 ಮೀಟರಿಗೆ 1 ಮೀಟರ್), 150 ಮಿ.ಮೀ. ಪೈಪಿಗೆ 100ಕ್ಕೆ 1, 230 ಮಿ.ಮೀ. ಪೈಪಿಗೆ 175ಕ್ಕೆ 1. ಮನೆಯ ಲೈನಿಗೆ ಇನ್ನೂ ಧಾರಾಳವಾಗಿ ಕೊಡಿ: 100 ಮಿ.ಮೀ.ಗೆ 40ಕ್ಕೆ 1, 150 ಮಿ.ಮೀ.ಗೆ 60ಕ್ಕೆ 1. ದೊಡ್ಡ ಪೈಪ್ ಹಾಕಿದರೆ ಕಟ್ಟುವುದಿಲ್ಲ ಎಂಬುದು ಹಳೆಯ ತಪ್ಪು ನಂಬಿಕೆ. ನಾಲ್ಕಾರು ಮನೆಗಳಿರುವ ಲೈನಿನ ಮೇಲ್ತುದಿಗೆ 300 ಮಿ.ಮೀ. ಪೈಪ್ ಹಾಕಿದರೆ ನೀರು ತಳದಲ್ಲಿ ತೆಳ್ಳಗೆ ಹರಡಿ, ಏನನ್ನೂ ಎಳೆದುಕೊಂಡು ಹೋಗಲಾರದೆ ನಿಲ್ಲುತ್ತದೆ. ನಗರದಲ್ಲಿ ರಸ್ತೆಯ ಲೈನಿಗೆ 200 ಮಿ.ಮೀ. ಇರಲಿ, ಆದರೆ ಮೇಲ್ತುದಿಯ ಮೊದಲ ಮೂರು ನಾಲ್ಕು ಮ್ಯಾನ್‌ಹೋಲ್‌ಗಳವರೆಗೆ 100ಕ್ಕೆ 1ಕ್ಕಿಂತ ಚಪ್ಪಟೆ ಮಾಡಬೇಡಿ.

ಒಂದು ಉದಾಹರಣೆ. ರಸ್ತೆ 240 ಮೀಟರ್ ಉದ್ದ, ಇಳಿಜಾರು 100ಕ್ಕೆ 1. ಪೈಪ್ ಒಟ್ಟು 2.4 ಮೀಟರ್ ಇಳಿಯಬೇಕು. ರಸ್ತೆಯೇ ಅಷ್ಟು ದೂರದಲ್ಲಿ 2 ಮೀಟರ್ ಇಳಿಯುತ್ತಿದ್ದರೆ, ಮೇಲ್ತುದಿಯಲ್ಲಿ 1.2 ಮೀಟರ್ ಇದ್ದ ಆಳ ಕೆಳತುದಿಯಲ್ಲಿ 1.6 ಆಗುತ್ತದೆ. ರಸ್ತೆ ಸಮತಟ್ಟಾಗಿದ್ದರೆ 3.6 ಮೀಟರ್. ಅಗೆತದ ಖರ್ಚು ನಿರ್ಧಾರವಾಗುವುದು ಇಲ್ಲಿ.

ಅಗೆತ ಮತ್ತು ಜೋಡಣೆ

ಒಂದೂವರೆ ಮೀಟರಿಗಿಂತ ಆಳವಾದ ಕಾಲುವೆಗೆ ಹಲಗೆ ಕೊಟ್ಟು ಆನಿಸಲೇಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರವಿರಲಿ. ಕೆಂಪು ಮಣ್ಣು ಒಣಗಿದ್ದಾಗ ಗೋಡೆಯಂತೆ ನಿಂತಿರುತ್ತದೆ, ಒಂದು ಮಳೆ ಬಿದ್ದರೆ ಸಾಕು, ಎಚ್ಚರಿಕೆ ಕೊಡದೆ ಕುಸಿಯುತ್ತದೆ. ಕುಡಿಯುವ ನೀರಿನ ಪೈಪಿನಿಂದ 3 ಮೀಟರ್ ಅಂತರ ಬೇಕು. ಇಕ್ಕಟ್ಟಾದ ರಸ್ತೆಯಲ್ಲಿ ಅದು ಆಗದಿದ್ದರೆ ನೀರಿನ ಪೈಪಿನ ತಳ ಚರಂಡಿ ಪೈಪಿನ ನೆತ್ತಿಗಿಂತ ಅರ್ಧ ಮೀಟರ್ ಮೇಲಿರಬೇಕು. ನಮ್ಮ ಊರುಗಳಲ್ಲಿ ಕಾವೇರಿ ನೀರು ದಿನವಿಡೀ ಬರುವುದಿಲ್ಲ. ಖಾಲಿಯಾದ ನೀರಿನ ಪೈಪು ಸುತ್ತಲಿನ ಸೋರಿಕೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ನಲ್ಲಿಯಲ್ಲಿ ವಾಸನೆಯ ನೀರು ಬರುವುದಕ್ಕೆ ಇದು ದೊಡ್ಡ ಕಾರಣ.

ಪೈಪ್ ಕೂರಿಸುವುದನ್ನು ಕೆಳತುದಿಯಿಂದ ಶುರುಮಾಡಿ, ಸಾಕೆಟ್ ಬಾಯಿ (ಮುಂದಿನ ಪೈಪ್ ಕೂರುವ ಅಗಲದ ತುದಿ) ಮೇಲ್ತುದಿಯ ಕಡೆಗಿರಲಿ. ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿಗೆ ಮೆತ್ತನೆಯ ಮಣ್ಣಿನಲ್ಲಿ ಕಾಂಕ್ರೀಟ್ ಹಾಸು ಬೇಕು. ಡಿಡಬ್ಲ್ಯೂಸಿ (ಎರಡು ಗೋಡೆಯ ಸುಕ್ಕು ಪ್ಲಾಸ್ಟಿಕ್) ಪೈಪಿಗೆ ಕಲ್ಲಿಲ್ಲದ ಮರಳಿನ 10 ಸೆಂ.ಮೀ. ಹಾಸು ಸಾಕು, ಆದರೆ ಎರಡೂ ಪಕ್ಕಕ್ಕೆ ಮರಳು ತುಂಬಿ ದಮ್ಮಸ್ಸು ಮಾಡದಿದ್ದರೆ ಅದು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಸಾಕೆಟ್ ಕೂರುವ ಜಾಗದಲ್ಲಿ ಸಣ್ಣ ಗುಳಿ ತೋಡಿ. ಹಾಗೆ ಮಾಡದಿದ್ದರೆ ಪೈಪಿನ ಭಾರವೆಲ್ಲ ಸಾಕೆಟ್ಟಿನ ಮೇಲೆ ಬಿದ್ದು, ರಸ್ತೆಯಲ್ಲಿ ಲಾರಿ ಓಡಾಡಿದಾಗ ನಡುವೆ ಬಿರುಕು ಬಿಡುತ್ತದೆ.

ಸ್ಟೋನ್‌ವೇರ್ ಜಾಯಿಂಟಿಗೆ ಸಿಮೆಂಟ್ ಹಾಲಿನಲ್ಲಿ ಅದ್ದಿದ ಸೆಣಬಿನ ಹುರಿ ಸುತ್ತಿ, ಸಾಕೆಟ್ಟಿನ ಆಳದ ಕಾಲು ಭಾಗದವರೆಗೆ ಬಿಗಿಯಾಗಿ ತುರುಕಿ, ಉಳಿದದ್ದಕ್ಕೆ 1:1 ಗಾರೆ ತುಂಬಿ ಹೊರಗೆ 45 ಡಿಗ್ರಿ ಓರೆ ಮಾಡಬೇಕು. ಪ್ರತಿ ಜಾಯಿಂಟ್ ಆದ ಕೂಡಲೇ ಒಳಗೆ ಚಾಚಿದ ಗಾರೆಯನ್ನು ಗೋಣಿ ಚಿಂದಿ ಕಟ್ಟಿದ ಕೋಲಿನಿಂದ ಒರೆಸಿ ತೆಗೆಯಿರಿ. ಈ ಎರಡು ನಿಮಿಷದ ಕೆಲಸ ಬಿಟ್ಟುಹೋದ ಕಡೆಯೇ ಮುಂದೆ ಕೂದಲು, ಬಟ್ಟೆ ಸಿಕ್ಕಿಕೊಂಡು ಪೈಪ್ ಕಟ್ಟುತ್ತದೆ. ಹುರಿ ಸಡಿಲವಾಗಿದ್ದರೆ ಮರದ ಬೇರು ನುಗ್ಗುತ್ತದೆ. ಅರಳಿ, ಆಲದ ಸಸಿ ಹತ್ತಿರವಿದ್ದಲ್ಲಿ ರಬ್ಬರ್ ರಿಂಗಿನ ಜಾಯಿಂಟೇ ಒಳ್ಳೆಯದು.

ಮಣ್ಣು ಮುಚ್ಚುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದು ಮ್ಯಾನ್‌ಹೋಲಿನಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿದರೆ ಪೂರ್ತಿ ದುಂಡಗಿನ ಬೆಳಕು ಕಾಣಬೇಕು. ಅರೆಚಂದ್ರ ಕಂಡರೆ ಪೈಪ್ ತಗ್ಗಿದೆ ಇಲ್ಲವೇ ಸೊಟ್ಟಗಾಗಿದೆ. ಪೈಪಿನ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ನುಣುಪು ಚೆಂಡು ಮೇಲಿಂದ ಬಿಟ್ಟರೆ ತಾನಾಗಿ ಉರುಳಿ ಕೆಳಗೆ ಬರಬೇಕು. ಕೊನೆಗೆ ಕೆಳತುದಿಗೆ ಬಿರಡೆ ಹಾಕಿ ನೀರು ತುಂಬಿ, ಮೇಲ್ತುದಿಯಲ್ಲಿ ಗುರುತು ಮಾಡಿ, ಎಲ್ಲಿ ಜಿನುಗುತ್ತದೆ ನೋಡಿ. ಬಿಲ್ ಪಾಸಾಗುವ ಮೊದಲು ನಿವಾಸಿಗಳ ಸಂಘ ಕೇಳಿ ಮಾಡಿಸಬೇಕಾದ ಪರೀಕ್ಷೆಗಳಿವು. ಟಾರು ಬಿದ್ದ ಮೇಲೆ ಯಾರೂ ಅಗೆದು ತೋರಿಸುವುದಿಲ್ಲ.

ಮ್ಯಾನ್‌ಹೋಲ್ ಮತ್ತು ಮನೆಯ ಸಂಪರ್ಕ

ಪ್ರತಿ 30 ಮೀಟರಿಗೆ, ಪ್ರತಿ ತಿರುವಿಗೆ, ಇಳಿಜಾರು ಅಥವಾ ಗಾತ್ರ ಬದಲಾಗುವಲ್ಲೆಲ್ಲ ಮ್ಯಾನ್‌ಹೋಲ್ ಬೇಕು. ದುಂಡು ಮ್ಯಾನ್‌ಹೋಲಾದರೆ 1.65 ಮೀಟರ್ ಆಳದವರೆಗೆ 900 ಮಿ.ಮೀ. ವ್ಯಾಸ, 2.3 ಮೀಟರ್‌ವರೆಗೆ 1,200, ಅದಕ್ಕಿಂತ ಆಳಕ್ಕೆ 1,500. ತಳದಲ್ಲಿ ಪೈಪಿನಷ್ಟೇ ಅಗಲದ ಕಾಲುವೆ ಮಾಡಿ, ಎರಡು ಬದಿಯನ್ನೂ ಅದರ ಕಡೆಗೆ ಓರೆಯಾಗಿ ಗಾರೆ ಬಳಿಯಿರಿ. ತಳ ಚಪ್ಪಟೆ ಬಿಟ್ಟರೆ ಮಲ ಅಲ್ಲೇ ಕೂತು ಕೊಳೆಯುತ್ತದೆ. ಒಳಬರುವ ಪೈಪ್ ತಳದ ಕಾಲುವೆಗಿಂತ 60 ಸೆಂ.ಮೀ.ಗೂ ಹೆಚ್ಚು ಎತ್ತರದಲ್ಲಿದ್ದರೆ, ನೀರನ್ನು ತಳದವರೆಗೆ ಇಳಿಸುವ ನೆಟ್ಟನೆಯ ಡ್ರಾಪ್ ಪೈಪ್ ಕೊಡಬೇಕು.

ಮನೆಯಲ್ಲಿ ಶೌಚಾಲಯದ ಲೈನ್ ನೇರವಾಗಿ ಚೇಂಬರಿಗೆ, ಬಚ್ಚಲು ಮತ್ತು ಅಡುಗೆಮನೆಯದ್ದು ಗಲ್ಲಿ ಟ್ರ್ಯಾಪ್ (ನೀರು ನಿಲ್ಲಿಸಿ ವಾಸನೆ ತಡೆಯುವ ಬಾಗಿದ ಕೊಳವೆ) ಮೂಲಕ. ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ನಿಂತಿರಬೇಕು, ಗಾಳಿ ಕೊಳವೆ ತಾರಸಿಯ ಮೇಲಕ್ಕೆ ಹೋಗಬೇಕು. ಕಾಂಪೌಂಡಿನೊಳಗೆ ಕೊನೆಯ ಚೇಂಬರ್ ಇರಲಿ, ಅಲ್ಲಿಂದ 150 ಮಿ.ಮೀ. ಪೈಪ್ ರಸ್ತೆಗೆ. ಸಂಪರ್ಕಕ್ಕೆ ಜಲಮಂಡಳಿಯ ಅನುಮತಿ, ಪರವಾನಗಿ ಇರುವ ಪ್ಲಂಬರ್ ಬೇಕು. ರಸ್ತೆಯ ಪೈಪಿಗೆ ಸುತ್ತಿಗೆಯಿಂದ ತೂತು ಹೊಡೆದು ಮನೆಯ ಪೈಪ್ ತುರುಕುವುದು ಎಲ್ಲೆಡೆ ನಡೆಯುತ್ತದೆ. ಒಡೆದ ಚೂರು ಒಳಗೆ ಬೀಳುತ್ತದೆ, ಚಾಚಿದ ಪೈಪು ಜೆಟ್ಟಿಂಗ್ ಕೊಳವೆಯನ್ನೂ (ರಭಸದ ನೀರಿನಿಂದ ಅಡಚಣೆ ತೆಗೆಯುವ ಯಂತ್ರದ ಕೊಳವೆ) ತಡೆಯುತ್ತದೆ. ಮ್ಯಾನ್‌ಹೋಲಿಗೇ ಸೇರಿಸಿ, ಇಲ್ಲವೇ ಹರಿವಿನ ದಿಕ್ಕಿಗೆ ಬಾಗಿದ ವೈ ಜೋಡಣೆ ಹಾಕಿ.

ರಸ್ತೆಯ ಲೈನ್ ಕಟ್ಟಿದರೆ ಕೊಳಚೆ ಮ್ಯಾನ್‌ಹೋಲ್ ಮುಚ್ಚಳದ ಮಟ್ಟದವರೆಗೆ ಏರುತ್ತದೆ. ಆ ಮಟ್ಟಕ್ಕಿಂತ ತಗ್ಗಿನಲ್ಲಿರುವ ಯಾವ ಶೌಚಾಲಯವೂ, ಬಚ್ಚಲೂ ಉಕ್ಕಬಹುದು. ಮನೆಯ ಪಾಯ ಹಾಕುವಾಗಲೇ ಮುಚ್ಚಳದ ಮಟ್ಟ ಅಳೆಯಿರಿ. ಬೇಸ್‌ಮೆಂಟಿನಲ್ಲಿ ಶೌಚಾಲಯ ಬೇಕೇ ಬೇಕಾದರೆ ತೊಟ್ಟಿ ಕಟ್ಟಿ ಪಂಪಿನಿಂದ ಮೇಲೆತ್ತಿ ಬಿಡಬೇಕು. ನಾನ್ ರಿಟರ್ನ್ ವಾಲ್ವ್ ಸಹಾಯಕ್ಕೆ ಬರುತ್ತದೆ, ಆದರೆ ಅದರ ಬಾಗಿಲಲ್ಲಿ ಒಂದು ಚಿಂದಿ ಸಿಕ್ಕಿದರೂ ಕೆಲಸ ಮಾಡುವುದಿಲ್ಲ.

ಮೋರಿ

ಕಟ್ಟಡ ತುಂಬಿದ ಎರಡೂವರೆ ಎಕರೆಯಷ್ಟು ಜಾಗದಿಂದ, ಗಂಟೆಗೆ 60 ಮಿ.ಮೀ. ಮಳೆಗೆ, ಸೆಕೆಂಡಿಗೆ ಸುಮಾರು 133 ಲೀಟರ್ ನೀರು ಹರಿಯುತ್ತದೆ. 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಬಾಕ್ಸ್ ಮೋರಿ, 300ಕ್ಕೆ 1 ಇಳಿಜಾರಿನಲ್ಲಿ ಮೇಲೆ 10 ಸೆಂ.ಮೀ. ಬಿಟ್ಟು ತುಂಬಿದರೂ 375 ಲೀಟರಿನಷ್ಟು ಸಾಗಿಸಬಲ್ಲದು. ತಳದಲ್ಲಿ 20 ಸೆಂ.ಮೀ. ಹೂಳು ಕೂತಿತೆಂದರೆ ಅದು 195ಕ್ಕೆ ಇಳಿಯುತ್ತದೆ, ಹತ್ತಿರ ಹತ್ತಿರ ಅರ್ಧ. ಹೂಳು ತೆಗೆಯುವುದನ್ನು ಮಾರ್ಚ್ ಕೊನೆಗೆ ಮುಗಿಸಬೇಕು, ಯಾಕೆಂದರೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಮುಂಗಾರಿಗೆ ಕಾಯುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರಿನ ದೊಡ್ಡ ಮಳೆಗೆ ಮೊದಲು, ಆಗಸ್ಟಿನಲ್ಲಿ, ಮತ್ತೊಮ್ಮೆ ಮಾಡಿಸಿ. ತೆಗೆದ ಹೂಳನ್ನು ಮೋರಿಯ ಅಂಚಿನಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೇ ಮರಳಿ ಒಳಗೆ. ಅದೇ ದಿನ ಸಾಗಿಸುವುದನ್ನು ಗುತ್ತಿಗೆಯ ಷರತ್ತಿನಲ್ಲೇ ಬರೆಸಿ. ಮನೆ ಕಟ್ಟುವವರು ರಸ್ತೆಯಲ್ಲಿ ಸುರಿದ ಎಂ-ಸ್ಯಾಂಡ್ ಈ ಹೂಳಿನ ದೊಡ್ಡ ಪಾಲು.

ಪೈಪ್ ಕಟ್ಟಿಕೊಂಡಾಗ

ಒಂದೊಂದೇ ಮುಚ್ಚಳ ತೆರೆದು ನೋಡಿ. ತುಂಬಿದ ಮ್ಯಾನ್‌ಹೋಲಿಗೂ ಅದರ ಕೆಳಗಿನ ಮೊದಲ ಖಾಲಿ ಮ್ಯಾನ್‌ಹೋಲಿಗೂ ನಡುವೆ ಅಡಚಣೆ ಇರುತ್ತದೆ. ಜೆಟ್ಟಿಂಗ್ ಕೊಳವೆಯನ್ನು ಕೆಳಗಿನ ಖಾಲಿ ಮ್ಯಾನ್‌ಹೋಲಿನಿಂದ ಮೇಲ್ಮುಖವಾಗಿ ಬಿಡಬೇಕು. ನಾಜಲ್ಲಿನ ಹಿಂಬದಿಯ ನೀರಿನ ಧಾರೆ ಕೊಳವೆಯನ್ನು ಮುಂದಕ್ಕೆ ತಳ್ಳುತ್ತ, ಹೊಲಸನ್ನು ಹಿಂದಕ್ಕೆ ಎಳೆದು ತರುತ್ತದೆ. ಬಂದದ್ದನ್ನು ಅಲ್ಲೇ ಸಕ್ಕಿಂಗ್ ಯಂತ್ರದಿಂದ ತೆಗೆಯದೆ ಹರಿಯಬಿಟ್ಟರೆ ಕಟ್ಟುವ ಜಾಗ ಮುಂದಿನ ಬೀದಿಗೆ ಹೋಗುತ್ತದೆ, ಅಷ್ಟೆ. ಹೋಟೆಲುಗಳ ಜಿಡ್ಡನ್ನು ಬಿಸಿನೀರು ಹೊಯ್ದು ಕರಗಿಸುವುದೂ ಹೀಗೆಯೇ: ಐವತ್ತು ಮೀಟರ್ ಹೋಗಿ ತಣ್ಣಗಾಗಿ ಮತ್ತೆ ಗಟ್ಟಿಯಾಗುತ್ತದೆ. ಜಿಡ್ಡಿನ ತೊಟ್ಟಿ ಹೋಟೆಲಿನೊಳಗೇ ಇರಬೇಕು, ವಾರಕ್ಕೊಮ್ಮೆ ಬಳಿದು ತೆಗೆಯಬೇಕು.

ಮನುಷ್ಯರನ್ನು ಇಳಿಸಬೇಡಿ. ನಿಂತ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ತಿಳಿಯುವುದಿಲ್ಲ, ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ. ಮೀಥೇನ್ ಇರುವುದರಿಂದ ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದೂ ಅಪಾಯ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಯಾರನ್ನಾದರೂ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ: ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಅಪಾರ್ಟ್‌ಮೆಂಟಿನವರು "ಐನೂರು ಕೊಟ್ಟರೆ ಇಳಿಯುತ್ತಾನೆ" ಎನ್ನುವುದು ಇನ್ನೂ ನಿಂತಿಲ್ಲ, ನಿಲ್ಲಲೇಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಿ ಯಂತ್ರ ತರಿಸಿ.

ರಸ್ತೆಗೆ ಟಾರು ಹಾಕಿಸುವ ಮೊದಲು ಪ್ರತಿ ಮುಚ್ಚಳದ ಚೌಕಟ್ಟನ್ನು ಹೊಸ ಮಟ್ಟಕ್ಕೆ ಎತ್ತಿಸಿ. ಹೂತುಹೋದ ಮ್ಯಾನ್‌ಹೋಲ್ ಇದ್ದೂ ಇಲ್ಲದಂತೆ. ಪ್ರತಿ ಮ್ಯಾನ್‌ಹೋಲ್ ಎರಡು ಕಾಂಪೌಂಡ್ ಮೂಲೆಗಳಿಂದ ಎಷ್ಟು ದೂರ, ಎಷ್ಟು ಆಳ ಎಂದು ಅಳೆದು ಸಂಘದ ಪುಸ್ತಕದಲ್ಲಿ ಬರೆದಿಡಿ. ಪೈಪ್ ಕಟ್ಟಿಕೊಂಡ ದಿನಾಂಕ, ಜಾಗ, ಹೊರಬಂದದ್ದು ಮರಳೋ ಜಿಡ್ಡೋ ಬೇರೋ ಎಂಬುದೂ ಅದೇ ಪುಸ್ತಕಕ್ಕೆ. ಜಿಡ್ಡಾದರೆ ಮೇಲಿರುವ ಹೋಟೆಲನ್ನು ಹುಡುಕಿ, ಬೇರು ಅಥವಾ ಕೆಂಪು ಮಣ್ಣಾದರೆ ಜಾಯಿಂಟ್ ಬಿಟ್ಟಿದೆ. ಒಂದೇ ವರ್ಷದಲ್ಲಿ ಒಂದೇ ಎರಡು ಮ್ಯಾನ್‌ಹೋಲ್‌ಗಳ ನಡುವೆ ಮೂರು ಸಲ ಮರಳು ಕಟ್ಟಿದ್ದರೆ ಅಲ್ಲಿ ಪೈಪ್ ತಗ್ಗಾಗಿದೆ. ನಾಲ್ಕನೆಯ ಸಲ ಜೆಟ್ಟಿಂಗ್ ತರಿಸುವ ಬದಲು ಆ 30 ಮೀಟರನ್ನು ಅಗೆದು ಮಟ್ಟ ಹಿಡಿದು ಹೊಸದಾಗಿ ಹಾಕಿಸಿ.