ಫಾರ್ಮ್ಯಾಟ್ ಹೊಡೆಸುವ ಮೊದಲು ಸಿ ಡ್ರೈವ್ ತಡಕಿ ನೋಡಿ

ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಲ್ಯಾಪ್‌ಟಾಪ್ ತೆವಳುತ್ತಿತ್ತು. ಮದುವೆ ಜವಳಿಗೆಂದು ಶಿವಮೊಗ್ಗಕ್ಕೆ ಬಂದವರು ಬೆಳಿಗ್ಗೆ ಒಂದು ಅಂಗಡಿಗೆ ಕೊಟ್ಟು, ಸಂಜೆ ಬಸ್ಸಿಗೆ ಮುಂಚೆ ವಾಪಸ್ ಇಸಿದುಕೊಂಡರು. ಅಂಗಡಿ ಹುಡುಗ ಕೇಳಿದ್ದು ಒಂದೇ ಮಾತು: 'ಡಿ ಡ್ರೈವಲ್ಲಿ ಇರೋದು ಹಾಗೇ ಇರ್ಲಾ ಸಾರ್?' ಇರಲಿ ಎಂದರು. ಡಿ ಡ್ರೈವಲ್ಲಿ ಇದ್ದದ್ದು ಎರಡು ಯಕ್ಷಗಾನದ ವಿಡಿಯೊ. ಆರು ವರ್ಷದ ಅಡಿಕೆ ಲೆಕ್ಕ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಎಂದರೂ ಸಿ ಡ್ರೈವೇ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲೆ ಇಂಥ ಕಥೆ ಕೇಳುವುದು ಜಾಸ್ತಿಯಾಗಿದೆ. ಹನ್ನೊಂದಕ್ಕೆ ಹೋಗಬೇಕು, ಸರಿ. ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡುವುದಾ, ಎಲ್ಲ ಅಳಿಸಿ ಹೊಸದಾಗಿ ಹಾಕುವುದಾ? ಮೊದಲನೆಯದು ಮನೆಯಲ್ಲಿ ಜನ ಇರುವಾಗಲೇ ಹೆಂಚು ಬದಲಿಸಿದ ಹಾಗೆ. ಪಾತ್ರೆ ಪಗಡೆ ಇದ್ದಲ್ಲೇ ಇರುತ್ತವೆ, ಮೂಲೆಯ ಜೇಡರಬಲೆಯೂ ಇರುತ್ತದೆ. ಎರಡನೆಯದಕ್ಕೆ ಮನೆ ಖಾಲಿ ಮಾಡಬೇಕು. ಖಾಲಿ ಮಾಡುವಾಗ ಅಟ್ಟ ನೋಡಲು ಮರೆಯುವವರೇ ಹೆಚ್ಚು.

ಯಾರಿಗೆ ಯಾವುದು?

ಯಂತ್ರ ಚೆನ್ನಾಗಿ ಓಡುತ್ತಿದೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇದೆ, ಹಠಮಾರಿ ಪ್ರಿಂಟರ್ ಹೇಗೋ ಮಾತು ಕೇಳುತ್ತಿದೆ ಎಂದರೆ ಅಪ್‌ಗ್ರೇಡ್ ಮಾಡಿ. ವೈರಸ್ ಹೊಕ್ಕಿದ್ದರೆ, ಸೆಕೆಂಡ್ ಹ್ಯಾಂಡ್ ತಂದಿದ್ದರೆ, ಕ್ರ್ಯಾಕ್ ಮಾಡಿದ ವಿಂಡೋಸ್ ಇದ್ದರೆ ಹೊಸದಾಗಿ ಹಾಕಿ. ಅನುಮಾನ ಇದ್ದರೆ ಅಪ್‌ಗ್ರೇಡೇ ಸರಿ. ಅದು ಕೈಕೊಟ್ಟ ಮೇಲೂ ಹೊಸದಾಗಿ ಹಾಕಬಹುದು. ಅಳಿಸಿದ್ದನ್ನು ವಾಪಸ್ ತರುವುದು ಅಷ್ಟು ಸುಲಭವಲ್ಲ.

'ನಿಧಾನ' ಎನ್ನುವುದೊಂದೇ ದೂರು ಆದರೆ ಹಳೇ ಡಿಸ್ಕಿನ ಮೇಲೆ ಎರಡೂ ಬೇಡ. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಅಷ್ಟೇ. ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸನ್ನು ಅದರ ಮೇಲೆ ಹೊಸದಾಗಿ ಹಾಕಿ. ಹಳೇ ಡಿಸ್ಕನ್ನು ಅಳಿಸದೆ ಎತ್ತಿಡಿ. ಇದು ನನಗೆ ಎಲ್ಲಕ್ಕಿಂತ ಇಷ್ಟದ ದಾರಿ. ಇಲ್ಲಿ ಮರೆತದ್ದು ಕಳೆದುಹೋಗುವುದಿಲ್ಲ.

ಹೆಜ್ಜೆ 1: ಯಂತ್ರಕ್ಕೆ ಅರ್ಹತೆ ಇದೆಯಾ?

ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಕೋರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು. 4 ಜಿಬಿ ಎಂದು ಅವರು ಬರೆದಿದ್ದಾರೆ, ನಾನು 8ಕ್ಕಿಂತ ಕಡಿಮೆ ಇದ್ದರೆ ಕೈ ಹಾಕುವುದಿಲ್ಲ. ಟಿಪಿಎಂ ಇಲ್ಲ ಎಂದು ತೋರಿಸಿದರೆ ಗಾಬರಿ ಬೇಡ. ಎಷ್ಟೋ ಸಲ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರುತ್ತದೆ, ಅಷ್ಟೇ.

ಹೆಜ್ಜೆ 2: ಅಟ್ಟ ತಡಕುವುದು

ಜನ ಎಡವುವುದು ಇಲ್ಲೇ. ಅಪ್‌ಗ್ರೇಡ್ ಮಾಡುವವರೂ ಇದನ್ನು ಬಿಡಬೇಡಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ, ನಿಮ್ಮ ಹೆಸರಿನ ಕೆಳಗೆ. ಆ ಇಡೀ ಫೋಲ್ಡರನ್ನೇ ಎತ್ತಿ ಹೊರಗಿನ ಡಿಸ್ಕಿಗೆ ಹಾಕಿ. ಆರಿಸಲು ಕೂರಬೇಡಿ. 'ಡೌನ್‌ಲೋಡ್ಸಲ್ಲಿ ಏನೂ ಇಲ್ಲ' ಎಂದವರ ಪಹಣಿ, ಆಧಾರ್ ಪಿಡಿಎಫ್, ಮಗಳ ಅಂಕಪಟ್ಟಿ ಎಲ್ಲ ಅಲ್ಲೇ ಸಿಕ್ಕಿದ್ದನ್ನು ನೋಡಿದ್ದೇನೆ.

ಇನ್ನು ಫೈಲಿನ ಹಾಗೆ ಕಾಣದ ಸಾಮಾನುಗಳು. ಬ್ರೌಸರಿನ ಪಾಸ್‌ವರ್ಡ್‌ಗಳು: ಸಿಂಕ್ ಆನ್ ಇದೆಯಾ ನೋಡಿ, ಫೋನಿನಲ್ಲಿ ಅವು ಕಾಣುತ್ತವಾ ಅಂತಲೂ ನೋಡಿ. ಔಟ್‌ಲುಕ್ ಬಳಸುವವರ ಮೇಲ್‌ಗಳೆಲ್ಲ ಇರುವ ಪಿಎಸ್‌ಟಿ ಫೈಲ್. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದರ ಡ್ರೈವರ್, ಅಂದರೆ ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್. ಟ್ಯಾಲಿ ಇದ್ದರೆ ಒಳಗಿನಿಂದಲೇ ಬ್ಯಾಕಪ್ ತೆಗೆಯಿರಿ. ಹೊಸದಾಗಿ ಹಾಕುವವರು ಟ್ಯಾಲಿ ಲೈಸೆನ್ಸನ್ನು ಈ ಯಂತ್ರದಿಂದ ಬಿಡಿಸುವ ಸರೆಂಡರನ್ನೂ ಮಾಡಿ. ಮಂಡಿಯ ಲೆಕ್ಕ ಬರೆಯುವವರು ಇದನ್ನು ಮರೆತು ಫಾರ್ಮ್ಯಾಟ್ ಹೊಡೆಸಿ, ಆಮೇಲೆ ಫೋನ್ ಹಿಡಿದು ಕೂರುತ್ತಾರೆ.

ಕನ್ನಡದವರಿಗೇ ಮೀಸಲಾದ ಫಜೀತಿ ಒಂದಿದೆ. ಹಳೇ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪತ್ರಗಳು ಯೂನಿಕೋಡ್ ಅಲ್ಲ. ಕಂಪ್ಯೂಟರಿನ ಲೆಕ್ಕಕ್ಕೆ ಅವು ಇಂಗ್ಲಿಷ್ ಅಕ್ಷರಗಳೇ, ಕನ್ನಡವಾಗಿ ಕಾಣಿಸುವುದು ಫಾಂಟ್. ಹೊಸದಾಗಿ ವಿಂಡೋಸ್ ಹಾಕಿದಾಗ ನುಡಿ ಫಾಂಟೂ ಹೋಗುತ್ತದೆ. ಸಂಘದ ಹತ್ತು ವರ್ಷದ ನಡಾವಳಿ ತೆರೆದರೆ ಪೌಂಡಿನ ಗುರುತು, ತಲೆಮೇಲೆ ಗೆರೆ ಎಳೆದುಕೊಂಡ ಎ ಅಕ್ಷರ, ಎಲ್ಲ ಕಲಸು ಮೇಲೋಗರ. ಫೈಲ್ ಹಾಳಾಯಿತು ಎಂದು ಅಳಿಸಿಬಿಟ್ಟವರೂ ಇದ್ದಾರೆ! ಅಳಿಸಬೇಡಿ. ಪತ್ರದಲ್ಲಿ ಬಳಸಿದ ಫಾಂಟಿನ ಹೆಸರು ಬರೆದಿಟ್ಟುಕೊಳ್ಳಿ, ಫಾಂಟ್ಸ್ ಫೋಲ್ಡರಿನಿಂದ ಅದನ್ನೂ ಕಾಪಿ ಮಾಡಿ. ವಾಪಸ್ ಹಾಕಿದರೆ ಅಕ್ಷರ ಸರಿಹೋಗುತ್ತದೆ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದುಕೊಳ್ಳಿ. ಎಸ್‌ಎಸ್‌ಡಿ ಹಾಕಿಸಿ ಹಳೇ ಡಿಸ್ಕ್ ಎತ್ತಿಡುವವರಿಗಂತೂ ಇದು ಬೇಕೇ ಬೇಕು. ಕೊನೆಗೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕು ಫೈಲ್ ತೆರೆದು ನೋಡಿ. ಕಾಪಿ ಆಯಿತು ಎನ್ನುವುದು ಬೇರೆ, ತೆರೆಯಿತು ಎನ್ನುವುದು ಬೇರೆ. ಸಂತೆ ಬೆಲೆಗೆ ಸಿಗುವ '2 ಟಿಬಿ' ಪೆನ್‌ಡ್ರೈವ್ ನಂಬಿದರೆ ಎರಡನೆಯದು ಆಗುವುದೇ ಇಲ್ಲ. ತುಂಬಿದ ಹಾಗೆ ತೋರಿಸುತ್ತದೆ, ಒಳಗೆ ಏನೂ ಇರುವುದಿಲ್ಲ.

ಹೆಜ್ಜೆ 3: ಅಪ್‌ಗ್ರೇಡ್ ಮಾಡುವವರಿಗೆ

ಬೇರೆ ಕಂಪನಿಯ ಆಂಟಿವೈರಸ್ ತೆಗೆಯಿರಿ, ಸಿ ಡ್ರೈವಲ್ಲಿ 30 ಜಿಬಿ ಖಾಲಿ ಮಾಡಿ, ಮೈಕ್ರೋಸಾಫ್ಟ್‌ನ ಇನ್‌ಸ್ಟಾಲೇಷನ್ ಅಸಿಸ್ಟೆಂಟ್ ಓಡಿಸಿ. ಫೈಲು, ಆ್ಯಪ್ ಎರಡೂ ಉಳಿಯುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಮುಗಿದ ಮೇಲೆ ಹಿಡಿಸದಿದ್ದರೆ ಹಿಂದಿನದಕ್ಕೆ ಮರಳಲು 10 ದಿನ ಅವಕಾಶ ಇರುತ್ತದೆ. ಅಷ್ಟರೊಳಗೆ ಜಾಗ ಉಳಿಸುವ ಉತ್ಸಾಹದಲ್ಲಿ ಹಳೇ ವಿಂಡೋಸ್ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದರೆ ಆ ಬಾಗಿಲು ಮುಚ್ಚಿತು.

ಹೆಜ್ಜೆ 4: ಹೊಸದಾಗಿ ಹಾಕುವವರಿಗೆ

8 ಜಿಬಿ ಪೆನ್‌ಡ್ರೈವ್, ಅದಕ್ಕೆ ವಿಂಡೋಸ್ ತುಂಬಲು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್. ಪೆನ್‌ಡ್ರೈವಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಯಾರೋ ಕೊಟ್ಟ 'ಲೈಟ್' ವಿಂಡೋಸ್ ಬೇಡ. ಒಳಗೆ ಏನು ಕಿತ್ತಿದ್ದಾರೆ, ಏನು ಸೇರಿಸಿದ್ದಾರೆ ಎಂದು ಅವರಿಗೂ ಗೊತ್ತಿರುವುದಿಲ್ಲ. ವೈಫೈ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಪೆನ್‌ಡ್ರೈವಿನಿಂದ ಶುರು ಮಾಡಲು ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ವಿಂಡೋಸಿನ ಪ್ರಾಡಕ್ಟ್ ಕೀ ಕೇಳಿದರೆ 'ನನ್ನ ಬಳಿ ಇಲ್ಲ' ಎನ್ನುವುದನ್ನು ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೊ ಅನ್ನೇ ಆರಿಸಿ. ಮೊದಲಿದ್ದದ್ದು ಅಸಲಿ ಆಗಿದ್ದು ಮದರ್‌ಬೋರ್ಡ್ ಬದಲಾಗಿರದಿದ್ದರೆ ನೆಟ್ ಸಿಕ್ಕಾಗ ಅದೇ ಆ್ಯಕ್ಟಿವೇಟ್ ಆಗುತ್ತದೆ.

ಆಮೇಲೆ ಬರುವ ಪರದೆಯಲ್ಲಿ ಕೈ ನಿಲ್ಲಿಸಿ. 'ವಿಂಡೋಸ್ ಎಲ್ಲಿ ಹಾಕಲಿ' ಎಂದು ಕೇಳುತ್ತದೆ. ಅಲ್ಲಿ ಸಿ, ಡಿ ಎಂಬ ಹೆಸರುಗಳೇ ಇರುವುದಿಲ್ಲ! ಡಿಸ್ಕಿನ ಭಾಗಗಳು ಡಿಸ್ಕ್ 0 ಪಾರ್ಟಿಷನ್ 1, ಪಾರ್ಟಿಷನ್ 2 ಎಂದು ಸಾಲಾಗಿ ನಿಂತಿರುತ್ತವೆ. ಗುರುತು ಹಿಡಿಯಲು ಗಾತ್ರವೇ ಆಧಾರ. ಅದಕ್ಕೇ ಶುರು ಮಾಡುವ ಮೊದಲು ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಫೋನಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಕಿತ್ತು ಪಕ್ಕದ ಕೋಣೆಯಲ್ಲಿಡಿ. ಪಟ್ಟಿಯಲ್ಲಿ ಅದೂ ಬಂದು ನಿಂತಿದ್ದು, ಅದನ್ನೇ ಅಳಿಸಿದವರನ್ನು ಕಂಡಿದ್ದೇನೆ.

ಡಿ ಉಳಿಸಿಕೊಳ್ಳಬೇಕಾದರೆ ಫೋಟೊ ನೋಡಿ, ಸಿ ಗಾತ್ರದ ಒಂದೇ ಪಾರ್ಟಿಷನ್ ಅಳಿಸಿ, ಆ ಖಾಲಿ ಜಾಗ ಆರಿಸಿ ಮುಂದೆ ಹೋಗಿ. ಡಿ ಕೂಡ ಬ್ಯಾಕಪ್ ಆಗಿದ್ದರೆ ಆ ಡಿಸ್ಕಿನ ಎಲ್ಲವನ್ನೂ ಅಳಿಸಿ. 100 ಎಂಬಿ, 16 ಎಂಬಿಯ ಚಿಲ್ಲರೆ ಪಾರ್ಟಿಷನ್‌ಗಳನ್ನು ಅದೇ ಮತ್ತೆ ಮಾಡಿಕೊಳ್ಳುತ್ತದೆ. ಪಟ್ಟಿಯೇ ಖಾಲಿ ಬಂದರೆ ಡಿಸ್ಕ್ ಸತ್ತಿತು ಎಂದು ಹೊಸದು ಕೊಳ್ಳಲು ಓಡಬೇಡಿ. ಇಂಟೆಲ್ ಹನ್ನೊಂದನೇ ತಲೆಮಾರು ಮತ್ತು ಆಚೆಯ ಎಷ್ಟೋ ಲ್ಯಾಪ್‌ಟಾಪ್‌ಗಳು ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಕೊಟ್ಟ ಮೇಲಷ್ಟೇ ಡಿಸ್ಕ್ ತೋರಿಸುತ್ತವೆ. ಕಂಪನಿಯ ವೆಬ್‌ಸೈಟಿನಿಂದ ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವಿಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ.

ಹೆಜ್ಜೆ 5: ಮುಗಿದ ಮೇಲೆ

ವಿಂಡೋಸ್ ಅಪ್‌ಡೇಟ್ ಓಡಿಸಿ, ಹೆಚ್ಚಿನ ಡ್ರೈವರ್ ಅಲ್ಲೇ ಬರುತ್ತವೆ. 'ಡ್ರೈವರ್ ಅಪ್‌ಡೇಟರ್' ಎಂಬ ಹೆಸರಿನ ಸಾಫ್ಟ್‌ವೇರ್ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನುಡಿ ಫಾಂಟ್ ಹಾಕಿ, ಪ್ರಿಂಟರಲ್ಲಿ ಒಂದು ಹಾಳೆ ತೆಗೆದು ನೋಡಿ.

ಬ್ಯಾಕಪ್ ಡಿಸ್ಕನ್ನು ಮಾತ್ರ ಆರು ತಿಂಗಳು ಅಳಿಸಬೇಡಿ. ಹೋದ ವರ್ಷದ ಕೊನೆಕೊಯ್ಲಿನ ಕೂಲಿ ಎಷ್ಟಾಗಿತ್ತು ಎಂಬ ಪ್ರಶ್ನೆ ಬರುವುದು ಈ ವರ್ಷದ ಕೊಯ್ಲಿಗೇ ಅಲ್ವಾ? ಮಳೆಗಾಲದ ಥಂಡಿಗೆ ಅದನ್ನು ಕಪಾಟಿನಲ್ಲಿ ಬಿಡಬೇಡಿ, ಹಪ್ಪಳದ ಹಾಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಸಿಲಿಕಾ ಜೆಲ್ ಪೊಟ್ಟಣ, ಎರಡು ಜೊತೆಗೆ ಹಾಕಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ.